ಸೋರುವ ಪೈಪಿನ ಪಕ್ಕದ ಹೂಕೋಸು

ನಮ್ಮ ಅತ್ತಿಗೆಗೆ ಕೂತು ಊಟ ಮಾಡುವ ಅಭ್ಯಾಸವೇ ಇಲ್ಲ. ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ಅಡುಗೆಮನೆ ಕಿಟಕಿಯ ಹತ್ತಿರ ನಿಲ್ಲುತ್ತಾಳೆ. ಎರಡು ತುತ್ತು ಬಾಯಿಗೆ, ಒಂದು ನೋಟ ಆಕಾಶಕ್ಕೆ. ಮೋಡ ಕಂಡರೆ ಮೋಡ ಯಾಕೆ ಬಂತು ಎಂಬ ಚಿಂತೆ, ಬಿಸಿಲು ಕಂಡರೆ ಮೋಡ ಯಾಕೆ ಬರಲಿಲ್ಲ ಎಂಬ ಚಿಂತೆ. ಟೀ ಮಾಡಿಕೊಟ್ಟರೆ ಲೋಟ ಮೆಟ್ಟಿಲ ಮೇಲೆ, ಬಟ್ಟೆ ಒಣಹಾಕುವ ಕಡೆ, ಸೈಕಲ್ ಸೀಟಿನ ಮೇಲೆ, ಎಲ್ಲೆಂದರಲ್ಲಿ ಅರ್ಧ ಉಳಿದು ತಣ್ಣಗಾಗಿರುತ್ತದೆ. ಸಂಜೆಯಾದರೆ ಲೋಟ ಹುಡುಕಿ ತರುವುದೇ ನನಗೊಂದು ಕೆಲಸ. ಅಂಡು ಸುಟ್ಟ ಬೆಕ್ಕಿನ ಹಾಗೆ ಅಡ್ಡಾಡಬೇಡ, ಒಂದು ಕಡೆ ಕೂತ್ಕೋ ತಾಯಿ ಎಂದು ಎಷ್ಟು ಸಲ ಬೈದಿದ್ದೇನೋ, ಲೆಕ್ಕವಿಟ್ಟಿಲ್ಲ.

ನಾನು ಅವಳ ನಾದಿನಿ, ಬಟ್ಟೆ ಹೊಲಿಯುವವಳು. ಗಂಡನ ಮನೆ ನನಗೆ ಒಗ್ಗಲಿಲ್ಲ, ಅದರ ಬಗ್ಗೆ ಇಷ್ಟೇ ಹೇಳುತ್ತೇನೆ. ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಕೂತು ವರ್ಷಗಳೇ ಆದವು. ಅತ್ತಿಗೆಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಹಾಗಾಗಿ ನೀನು ಎಂದೇ ಮಾತು. ಅಣ್ಣ ಬಸ್ ಡ್ರೈವರ್. ದಿನವಿಡೀ ಕೂತೇ ದುಡಿಯುವವರು ನಾವಿಬ್ಬರು, ನಿಂತೇ ಸವೆಯುವವಳು ಅವಳೊಬ್ಬಳು. ಚಿಕ್ಕವಳಿದ್ದಾಗ ಬೀಜ ಊರಿದ ಮರುದಿನವೇ ಮೊಳಕೆ ಬಂತಾ ಎಂದು ಕೆದಕಿ ನೋಡುತ್ತಿದ್ದಳಂತೆ, ನೋಡಿ ಮತ್ತೆ ಮುಚ್ಚುತ್ತಿದ್ದಳಂತೆ. ಮದುವೆಯ ದಿನ ಅವಳ ತಾಯಿಯೇ ನನ್ನನ್ನು ಪಕ್ಕಕ್ಕೆ ಕರೆದು ಇದನ್ನು ಹೇಳಿದ್ದರು, ಸಾಮಾನು ಒಪ್ಪಿಸುವಾಗ ಎಲ್ಲಿ ಬಿರುಕಿದೆ ಎಂದು ತೋರಿಸಿಕೊಡುವವರ ಹಾಗೆ.

ಇಂಥವಳು ಹಿಡಿದ ಕೆಲಸ ನೋಡಿ. ಊರಾಚೆ ತರಕಾರಿ ಸಂಶೋಧನೆಯ ಕೇಂದ್ರವಿದೆಯಲ್ಲ, ಅಲ್ಲಿ ಹೂಕೋಸಿನ ಹೊಸ ತಳಿ ಮಾಡುವುದು. ಒಂದು ಗಿಡ ಆರಿಸಬೇಕು, ಅದು ಹೂಬಿಡುವ ತನಕ ಕಾಯಬೇಕು, ಬೀಜವಾಗುವ ತನಕ ಕಾಯಬೇಕು, ಆ ಬೀಜ ಬಿತ್ತಿ ಮತ್ತೆ ಮೊದಲಿನಿಂದ ಕಾಯಬೇಕು. ಕಾಯುವುದನ್ನು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ತಾಳ್ಮೆಯ ಗಂಧಗಾಳಿ ಇಲ್ಲದವಳು ಅದನ್ನೇ ಹುಡುಕಿಕೊಂಡು ಹೋಗಿ ಇಡೀ ಆಯುಷ್ಯ ಸವೆಸಿದಳು. ಅವಳು ಬೆನ್ನು ಹತ್ತಿದ್ದು ಒಂದೇ ಒಂದು ಆಸೆಯನ್ನು: ಸುಡು ಬೇಸಿಗೆಯಲ್ಲೂ ಗಟ್ಟಿಯಾಗಿ ಗಡ್ಡೆ ಕಟ್ಟುವ ಹೂಕೋಸು. ಗಡ್ಡೆ ಅಂದರೆ ನಾವು ತಿನ್ನುವ ಆ ಬಿಳಿ ಭಾಗ. ಚಳಿಯಲ್ಲಿ ಅದು ಬಿಗಿಯಾಗಿ ಕಟ್ಟುತ್ತದೆ. ಬಿಸಿಲು ಏರಿತೋ, ಸಡಿಲವಾಗಿ ಅಕ್ಕಿ ಉದುರಿಸಿದ ಹಾಗಾಗುತ್ತದೆ, ಇಲ್ಲವೇ ನಡುನಡುವೆ ಎಲೆ ಇಣುಕುತ್ತದೆ, ಹಳದಿಗೆ ತಿರುಗುತ್ತದೆ.

ನಮ್ಮ ಮನೆಯಲ್ಲಿ ಹೂಕೋಸಿಗೆ ಎಂದೂ ಬರವಿಲ್ಲ. ಹಾಗಂತ ಯಾರೂ ಹೊಟ್ಟೆ ಉರಿಸಿಕೊಳ್ಳುವುದು ಬೇಡ. ಒಳ್ಳೆಯ ಗಿಡವನ್ನು ಅವಳು ಕೊಯ್ಯುವುದೇ ಇಲ್ಲ. ಕೊಯ್ದರೆ ಅದರ ಬೀಜ ಸಿಗುವುದಿಲ್ಲವಲ್ಲ. ಕೊಯ್ದು, ತೂಗಿ, ಅಳತೆ ಬರೆದುಕೊಂಡು ಮನೆಗೆ ತರುವುದೆಲ್ಲ ಬೇಡವಾದವು. ಮದುವೆಯಾದಂದಿನಿಂದ ನಾವು ಬೇಯಿಸಿ, ಹುರಿದು, ಸೂಪು ಮಾಡಿ ತಿಂದದ್ದೆಲ್ಲ ಫೇಲಾದ ಹೂಕೋಸು. ಅಣ್ಣನಿಗೆ ಇದೇ ದೊಡ್ಡ ತಮಾಷೆ. ಊಟಕ್ಕೆ ಕೂತ ಕೂಡಲೇ ತುಂಡೊಂದನ್ನು ಎತ್ತಿ ಹಿಡಿದು, ಜಡ್ಜ್ ಹಾಗೆ ಮುಖ ಮಾಡಿ ಕೇಳುತ್ತಾನೆ: "ಇದರದ್ದೇನು ತಪ್ಪು?" ಕಿಟಕಿಯ ಹತ್ತಿರ ನಿಂತವಳು ಆ ದಿನದ ಆರೋಪ ಓದುತ್ತಾಳೆ. ಇದು ತೂಕ ಬಂತು, ಆದರೆ ತಿಂಗಳು ತಡ. ಇದು ಬೇಗ ಬಂತು, ಆದರೆ ಮುಷ್ಟಿಗಿಂತ ದೊಡ್ಡದಾಗಲಿಲ್ಲ. ಇದಕ್ಕೆ ಮುಚ್ಚಿಕೊಳ್ಳಲು ಎಲೆಯೇ ಇರಲಿಲ್ಲ. ಶಿಕ್ಷೆ ಮಾತ್ರ ಎಲ್ಲಕ್ಕೂ ಒಂದೇ, ನಮ್ಮ ಹೊಟ್ಟೆ.

ಒಂದು ಗುಣ ಹಿಡಿದರೆ ಇನ್ನೊಂದು ಕೈಬಿಟ್ಟು ಹೋಗುತ್ತದೆ ಎಂದು ಅವಳು ಗೋಳಾಡುವುದು ನನಗೆ ಬೇಗ ಅರ್ಥವಾಗಿತ್ತು. ಅಂಗಿಯ ತೋಳು ಎಳೆದು ಸರಿಮಾಡಲು ಹೋದರೆ ಹೆಗಲು ಜಾರುತ್ತದಲ್ಲ, ಹಾಗೆ. ಅರ್ಥವಾಗದೆ ಇದ್ದದ್ದು ಇನ್ನೊಂದು. ನೋಡಲು ಬಂದವರೆಲ್ಲ ಒಂದೇ ಸಮ ಬೆಳೆದ ಸಾಲು ಕಂಡರೆ ಕೈಕುಲುಕಿ ಹೊಗಳಿ ಹೋಗುತ್ತಾರೆ. ಇವಳಿಗೆ ಆ ಸಾಲು ಕಂಡರೆ ಆಗುವುದೇ ಇಲ್ಲ. ಗಿಡ್ಡ, ಉದ್ದ, ಕುಬ್ಜ, ಬೋಳು, ತಲೆಗೊಂದು ತರ ಬೆಳೆದ ಸಾಲಿನಲ್ಲಿ ಹೋಗಿ ನಿಲ್ಲುತ್ತಾಳೆ. ಎಲ್ಲ ಒಂದೇ ತರ ಇದ್ದರೆ ನಾನು ಯಾವುದನ್ನು ಆರಿಸಲಿ ಎನ್ನುತ್ತಾಳೆ. ಆದರೆ ಬೇರೆಬೇರೆ ಇದ್ದರಷ್ಟೇ ಸಾಲದಂತೆ. ಆ ಬೇರೆತನ ಗಿಡದ ಹುಟ್ಟಿನಿಂದ ಬಂದದ್ದೋ, ನಿಂತ ಜಾಗದಿಂದ ಬಂದದ್ದೋ, ಅದು ತಿಳಿಯಬೇಕು. ಹುಟ್ಟಿನಿಂದ ಬಂದದ್ದು ಬೀಜದಲ್ಲಿ ಇಳಿಯುತ್ತದೆ. ಜಾಗ ಕೊಟ್ಟದ್ದು ಜಾಗದಲ್ಲೇ ಉಳಿಯುತ್ತದೆ. ಹಾಗಾದರೆ ನನ್ನ ಸಿಟ್ಟು ಹುಟ್ಟಿನದೋ ಜಾಗದ್ದೋ ಎಂದು ಒಮ್ಮೆ ಕೇಳಿದ್ದೆ. ಈ ಜಾಗದಲ್ಲಿ ಇರುವವಳು ನಾನೂ, ನನಗಿಲ್ಲವಲ್ಲ ಅಷ್ಟು ಸಿಟ್ಟು ಎಂದು ನಕ್ಕಳು. ಉತ್ತರ ಸಿಕ್ಕಿತು.

ಅವಳ ಕೆಲಸದ ಕೊನೆಯ ವರ್ಷ ಅದು. ವರ್ಷದ ಕೊನೆಗೆ ನಿವೃತ್ತಿ. ಜೊತೆಯವರೆಲ್ಲರ ಹೆಸರಿನಲ್ಲಿ ಒಂದೋ ಎರಡೋ ತಳಿ ಹೊರಗೆ ಹೋಗಿದ್ದವು. ಒಬ್ಬರದು ಟೊಮೆಟೊ, ಇನ್ನೊಬ್ಬರದು ಸೌತೆ. ಇವಳದು ಏನೂ ಇಲ್ಲ. ಕೇಂದ್ರದ ಮುಖ್ಯಸ್ಥರು ಒಂದು ಕಾಲದಲ್ಲಿ ಇವಳ ಕೈಕೆಳಗೆ ಕಲಿತವರು. ಈಗಲೂ ಮೇಡಂ ಎಂದೇ ಕರೆಯುತ್ತಾರೆ, ಆದರೆ ಮೇಲಿನ ಕುರ್ಚಿಯಲ್ಲಿ ಕೂತು ಕರೆಯುತ್ತಾರೆ. ಇವಳು ಅದರ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಆ ವರ್ಷ ಮನೆಯಲ್ಲಿ ಅವಳ ಕಾಲು ಒಂದು ಕಡೆ ನಿಲ್ಲಲಿಲ್ಲ. ಕಪಾಟು ಜೋಡಿಸಿದ್ದನ್ನೇ ಜೋಡಿಸಿದಳು. ನಾನು ಬಣ್ಣ ನೋಡಿ ಇಟ್ಟ ದಾರದ ಉಂಡೆಗಳನ್ನು ಉದ್ದ ನೋಡಿ ಇಟ್ಟಳು. ನಾನು ಕಿರುಚಿದೆ, ಅವಳು ವಾಪಸ್ ಬಣ್ಣ ನೋಡಿ ಇಟ್ಟಳು.

ಬೇಸಿಗೆ ನೆತ್ತಿಗೇರಿದಾಗ ಆ ಗಿಡ ಬಂತು. ತಲೆಗೊಂದು ತರದ ಸಾಲು ಅಂದೆನಲ್ಲ, ಅದರ ತುದಿಯಲ್ಲಿ. ಸುತ್ತಲಿನವೆಲ್ಲ ಬಿಸಿಲಿಗೆ ಬಾಯಿಬಿಟ್ಟು ಸಡಿಲವಾಗಿ ಕೂತಿರುವಾಗ ಅದೊಂದು ಮಾತ್ರ ಬಿಗಿಯಾಗಿ, ಹಾಲಿನ ಬಣ್ಣದಲ್ಲಿ, ಎಲೆ ಹೊದ್ದುಕೊಂಡು ಕೂತಿತ್ತು. ಆ ದಿನ ಮನೆಗೆ ಬಂದವಳು ಚಪ್ಪಲಿ ಕಳಚದೆ ನನ್ನ ಮಿಷನ್ನಿನ ಮುಂದೆ ನಿಂತಳು. ಬಂತು ಕಣೆ ಎಂದಳು. ಏನು ಎಂದು ನಾನು ಕೇಳಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು, ನಾನು ಮಿಷನ್ ಬಿಟ್ಟು ಎದ್ದೆ.

ಮುಖ್ಯಸ್ಥರಂತೂ ಕುಣಿದಾಡಿದರು. ಬೇರೆ ಬೇರೆ ಕೇಂದ್ರಗಳಲ್ಲಿ ಪರೀಕ್ಷೆಗೆ ಹಾಕಬೇಕಾದ ತಳಿಗಳನ್ನು ಆರಿಸಲು ಒಂದು ತಂಡ ಬರುವುದಿತ್ತು. ಅವರು ಒಪ್ಪಿದರೆ ಆ ಗಿಡದ ಬೀಜ ಇವಳ ಹೆಸರಿನಲ್ಲೇ ಹೊರಡುತ್ತದೆ. ನಿವೃತ್ತಿಯಾದರೂ ಹೆಸರು ಜೊತೆಗೇ ಹೋಗುತ್ತದೆ. ಅವಳಿಗೆ ಬೇಕಿದ್ದದ್ದು ಅದೊಂದೇ. ಕೇಳಿ ಗೊತ್ತಿಲ್ಲದವಳಿಗೆ ಆ ಸಲ ಅದು ಕೇಳದೆಯೇ ಸಿಗುವುದರಲ್ಲಿತ್ತು.

ತಂಡ ಬರುವ ಹಿಂದಿನ ದಿನ ಮಧ್ಯಾಹ್ನ ಇವಳು ಓಡಿಬಂದು, ಟೇಪು ತೆಗೆದುಕೊಂಡು ಬಾ, ಗಿಡಕ್ಕೆ ಚೀಲ ಹೊಲಿಯಬೇಕು ಎಂದಳು. ಗಿಡ ಹೂಬಿಡುವಾಗ ಜೇನುಹುಳ ಬೇರೆ ಗಿಡದ ಪರಾಗ ತಂದು ಬೆರೆಸದ ಹಾಗೆ ತೆಳು ಬಟ್ಟೆಯ ಚೀಲ ತೊಡಿಸುತ್ತಾರೆ. ಅವಳ ಚೀಲಗಳನ್ನೆಲ್ಲ ಹೊಲಿದುಕೊಟ್ಟವಳು ನಾನೇ. ಆದರೆ ಈ ಗಿಡ ಹೂಬಿಡಲು ಇನ್ನೂ ತಿಂಗಳುಗಳಿದ್ದವು. ಹುಟ್ಟದ ಕೂಸಿಗೆ ಕುಲಾವಿ ಹೊಲಿಸಬೇಡ ಎಂದೆ. ಕೇಳಬೇಕಲ್ಲ. ಕೈಯಲ್ಲಿದ್ದ ಅಂಗಿಯ ಕಾಲರನ್ನು ಅರ್ಧಕ್ಕೆ ಬಿಟ್ಟು, ಹೂಕೋಸಿನ ಅಳತೆ ತೆಗೆಯಲು ಹೊರಟೆ. ಬಿಸಿಲಿನಲ್ಲಿ ದಾರಿಯುದ್ದಕ್ಕೂ ಗೊಣಗಿದೆ, ಅವಳಿಗೆ ಒಂದೂ ಕೇಳಿಸಲಿಲ್ಲ.

ಗಿಡ ನಿಜಕ್ಕೂ ಚೆನ್ನಾಗಿತ್ತು. ಹೂಕೋಸು ಅಂದರೆ ಮೂಗು ಮುರಿಯುವ ನಾನೇ ಒಂದು ಗಳಿಗೆ ನೋಡುತ್ತಾ ನಿಂತೆ. ಆ ಹೊಲದಲ್ಲಿ ಎಲ್ಲ ಗಿಡಗಳ ಬುಡಕ್ಕೂ ಒಣಹುಲ್ಲು ಹೊದಿಸಿದ್ದರು, ಇದಕ್ಕೂ ಅಷ್ಟೇ. ಸುತ್ತಳತೆ ಹಿಡಿಯಲು ಹುಲ್ಲಿನ ಮೇಲೆ ಮಂಡಿ ಊರಿ ಕೂತೆ, ಟೇಪು ಸುತ್ತಿದೆ, ಎದ್ದೆ. ಎದ್ದು ನೋಡಿದರೆ ಮಂಡಿಯ ಹತ್ತಿರ ಬಟ್ಟೆಯೆಲ್ಲ ಕೆಸರು. ಈಗಷ್ಟೇ ಒಗೆದು ಉಟ್ಟದ್ದು, ನೀರು ಹಾಕಿದ್ದರೆ ಮೊದಲೇ ಹೇಳಬಾರದಾ ಎಂದು ರೇಗಿದೆ.

"ನೀರು ಹಾಕಿದ್ದು ಮೊನ್ನೆ," ಎಂದಳು.

ಅಷ್ಟು ಹೇಳಿದವಳೇ ಕೂತಳು. ಪಕ್ಕದ ಗಿಡದ ಬುಡದ ಹುಲ್ಲು ಸರಿಸಿ ಬೆರಳು ಚುಚ್ಚಿದಳು, ಧೂಳು. ಅದರಾಚೆಯದಕ್ಕೆ ಚುಚ್ಚಿದಳು, ಧೂಳು. ಈ ಗಿಡದ ಹತ್ತಿರ ಬಂದು ಕೈಯಲ್ಲೇ ಮಣ್ಣು ಬಗೆದಳು. ಒಂದು ಗೇಣು ಕೆಳಗೆ ಆಚೆ ಹೊಲಕ್ಕೆ ಹೋಗುವ ಹಳೆಯ ನೀರಿನ ಪೈಪು. ಪೈಪಿನ ಜೋಡಣೆಯಲ್ಲಿ ಹನಿ ಹನಿಯಾಗಿ ನೀರು ಒಸರುತ್ತಿತ್ತು. ಸರಿಯಾಗಿ ಆ ಗಿಡದ ಬೇರಿಗೆ. ಅವಳು ಬುಡ ನೋಡುವ ಬೆಳಗಿನ ಹೊತ್ತು ಹುಲ್ಲಿನಡಿ ಎಲ್ಲ ಬುಡವೂ ತುಸು ತಂಪಾಗಿರುತ್ತಿದ್ದುದರಿಂದ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಇಡೀ ಹೊಲ ಬಿಸಿಲಲ್ಲಿ ಬೇಯುವಾಗ ಈ ಮಹಾರಾಣಿ ಕಾಲು ನೀರಲ್ಲಿ ಬಿಟ್ಟುಕೊಂಡು ಕೂತಿದ್ದಳು. ಗಡ್ಡೆ ಬಿಗಿಯಾಗಿದ್ದದ್ದು ಅವಳ ಹುಟ್ಟುಗುಣವೋ ಪೈಪಿನ ಕೃಪೆಯೋ, ಇನ್ನು ಯಾರು ಹೇಳಬೇಕು. ಅತ್ತಿಗೆ ಇನ್ನೊಮ್ಮೆ ಬೆರಳಿನಿಂದ ಆ ಹನಿ ಮುಟ್ಟಿ ನೋಡಿದಳು. ಬಗೆದ ಮಣ್ಣನ್ನು ಮತ್ತೆ ಮುಚ್ಚಿದಳು. ಚಿಕ್ಕವಳಿದ್ದಾಗ ಬೀಜದ ಮೇಲೆ ಹೀಗೆಯೇ ಮುಚ್ಚುತ್ತಿದ್ದಳೇನೋ.

ನನ್ನ ಮಂಡಿಯನ್ನು ಎಷ್ಟು ಶಪಿಸಿಕೊಂಡೆನೋ ನನಗೇ ಗೊತ್ತು. ಮನೆಗೆ ಬರುವಾಗ ಅವಳನ್ನು ದಾರಿಯಲ್ಲೇ ನಿಲ್ಲಿಸಿ ಹೇಳಿದೆ. ನಾಳೆ ಒಂದು ದಿನ ಬಾಯಿಗೆ ಬೀಗ ಹಾಕ್ಕೋ. ಪೈಪಿನ ವಿಷಯ ನಿನಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವರು ನೋಡಲಿ, ಒಪ್ಪಲಿ, ಹೋಗಲಿ. ಗಿಡ ನಿಜವಾಗಿ ಒಳ್ಳೆಯದೇ ಇರಬಹುದು, ಇಲ್ಲ ಅಂತ ಯಾರು ಹೇಳಿದರು? ಇಷ್ಟು ವರ್ಷ ದುಡಿದದ್ದು ಒಂದು ಹನಿ ನೀರಿಗೆ ಮಣ್ಣುಪಾಲಾಗಬೇಕಾ? ನಾನು ಕೂಗಾಡುತ್ತಿದ್ದೆ, ರಸ್ತೆಯವರು ತಿರುಗಿ ನೋಡುತ್ತಿದ್ದರು. ಅವಳು ಉಗುರಿನ ಸಂದಿಯ ಕೆಸರು ತೆಗೆಯುತ್ತಿದ್ದಳು.

"ನಾಳೆ ಯಾರೋ ಈ ಬೀಜ ನಂಬಿ ಬೇಸಿಗೆಯಲ್ಲಿ ಹಾಕ್ತಾರೆ ಕಣೆ," ಎಂದಳು. "ಅವರ ಹೊಲದಲ್ಲಿ ಪೈಪು ಸೋರಲ್ಲ."

ಅವಳ ಮಾತು ಸರಿಯೇ. ಅವಳು ಸರಿಯಿದ್ದಾಗ ನನಗೆ ಸಿಟ್ಟು ಇಮ್ಮಡಿಯಾಗುತ್ತದೆ. ಹಾಗಾಗಿ ಮನೆ ಬರುವ ತನಕ ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದೆ. ಸಂಜೆ ಅವಳು ತಟ್ಟೆ ಮುಟ್ಟಲಿಲ್ಲ. ಹಿತ್ತಲಿನಿಂದ ಬಾಗಿಲಿಗೆ, ಬಾಗಿಲಿನಿಂದ ಹಿತ್ತಲಿಗೆ ನಡೆದದ್ದೇ ನಡೆದದ್ದು. ಅಣ್ಣನಿಗೆ ವಿಷಯ ಹೇಳಿ, ನೀನಾದರೂ ಬುದ್ಧಿ ಹೇಳು ಎಂದೆ. ಅವನು ಎದ್ದು ಹೋಗಿ ಅವಳ ಜೊತೆ ಹಿತ್ತಲಿಗೊಂದು ಸಲ, ಬಾಗಿಲಿಗೊಂದು ಸಲ ನಡೆದ. ಬುದ್ಧಿ ಹೇಳಿದ್ದನ್ನು ನಾನು ಕಾಣಲಿಲ್ಲ.

ಮರುದಿನ ನಡೆದದ್ದು ನನಗೆ ಗೊತ್ತಾದದ್ದು ಮುಖ್ಯಸ್ಥರಿಂದ. ಅವರ ಪ್ಯಾಂಟುಗಳ ಸೊಂಟ ಬಿಡಿಸಿಕೊಡುವವಳು ನಾನೇ. ವರ್ಷಕ್ಕೊಮ್ಮೆ ಬಿಡಿಸುವುದಿರುತ್ತದೆ. ತಂಡದವರು ಗಿಡದ ಸುತ್ತ ಸೇರಿದರಂತೆ. ಒಬ್ಬರು ಬಗ್ಗಿ ನೋಡಿದರು, ಇನ್ನೊಬ್ಬರು ಫೋಟೊ ತೆಗೆದರು, ಮೂರನೆಯವರು ಆಗಲೇ ಮೇಡಂ ಹೆಸರು ಬರೆದುಕೊಳ್ಳಲು ಪೆನ್ನು ತೆಗೆದಿದ್ದರು. ಆಗ ಮೇಡಂ ಕೂತು, ಹುಲ್ಲು ಸರಿಸಿ, ಮಣ್ಣು ಬಗೆದು ಪೈಪು ತೋರಿಸಿದರಂತೆ. ಈ ಗಿಡದ ಬಗ್ಗೆ ಈಗಲೇ ಏನೂ ಹೇಳಲಾಗದು ಎಂದರಂತೆ. ಪೆನ್ನಿನವರು ಪೆನ್ನು ಜೇಬಿಗೆ ಹಾಕಿಕೊಂಡರು. ತಂಡ ಮುಂದಿನ ಹೊಲಕ್ಕೆ ನಡೆಯಿತು. ಅಲ್ಲಿ ಬೇರೊಬ್ಬರ ಬದನೆಯನ್ನು ಆರಿಸಿದರು.

ಮೇಡಂ ಒಂದು ದಿನ ಸುಮ್ಮನಿರಬಹುದಿತ್ತು ಎಂದು ಮುಖ್ಯಸ್ಥರು ಬೇಜಾರಿನಿಂದ ಹೇಳಿದರು. ಅದೇ ಮಾತನ್ನು ನಾನೂ ಹೇಳಿದ್ದೆ. ಆದರೂ ಅವರ ಬಾಯಲ್ಲಿ ಕೇಳಿದಾಗ ಮೈ ಉರಿಯಿತು. ಸುಮ್ಮನಿರುವುದು ಅವಳ ಜಾತಕದಲ್ಲೇ ಇಲ್ಲ, ನಿಮಗೆ ಕಲಿಸುವಾಗ ಸುಮ್ಮನಿದ್ದಿದ್ದರೆ ನೀವು ಎಲ್ಲಿರುತ್ತಿದ್ದಿರಿ ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟೆ. ಪಾಪ, ಅವರು ತಲೆ ತಗ್ಗಿಸಿದರು. ಹೋಗುವಾಗ, ಗೋಡೆಯ ಹತ್ತಿರ ಕಲ್ಲುಮಣ್ಣಿನ ಒಂದು ಮೂಲೆ ಖಾಲಿ ಬಿದ್ದಿದೆ, ನಿವೃತ್ತಿಯಾದ ಮೇಲೂ ಮೇಡಂ ಅಲ್ಲಿ ಬೀಜ ಹಾಕಿ ನೋಡಲಿ, ನಾನು ಕಣ್ಣುಮುಚ್ಚಿಕೊಂಡಿರುತ್ತೇನೆ ಎಂದರು. ಆ ಸಲ ಪ್ಯಾಂಟಿನ ಸೊಂಟವನ್ನು ಎರಡು ಬೆರಳು ಹೆಚ್ಚೇ ಬಿಟ್ಟುಕೊಟ್ಟೆ.

ಪೈಪು ರಿಪೇರಿಯಾಯಿತು. ಗಿಡದ ಗಡ್ಡೆ ಬಿಚ್ಚಿ, ಕವಲೊಡೆದು, ಅಂದಗೆಟ್ಟು, ಹವೆ ತಂಪಾಗುವ ಹೊತ್ತಿಗೆ ಹಳದಿ ಹೂ ಬಿಟ್ಟಿತು. ನಾನು ಮತ್ತೆ ಅಳೆದು ಹೊಲಿದ ಚೀಲ ತೊಟ್ಟುಕೊಂಡು ನಿಂತಿತು. ಇಲ್ಲೂ ಒಂದು ತೊಡಕಿತ್ತು. ಅರಳಿದ ಹೂವಿನಲ್ಲಿ ಆ ಗಿಡ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಮೊಗ್ಗಿಗೆ ಮಾತ್ರ ಇನ್ನೂ ಆ ಬಿಂಕ ಬಂದಿರುವುದಿಲ್ಲ. ಅದಕ್ಕೆ ಅರಳದ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಅದೇ ಗಿಡದ ಅರಳಿದ ಹೂವಿನ ಪುಡಿ ಸವರಬೇಕು. ಒಂದೊಂದೇ ಮೊಗ್ಗು, ದಿನಾ ಬೆಳಿಗ್ಗೆ. ಕೈ ನಡುಗಿದರೆ ಮೊಗ್ಗು ಹೋಯಿತು. ಹುಟ್ಟಿದಾಗಿನಿಂದ ಎಲ್ಲವನ್ನೂ ಹೊತ್ತಿಗೆ ಮುಂಚೆ ಬಿಚ್ಚಿ ನೋಡಿದವಳಿಗೆ ಕೊನೆಗೂ ಅದೇ ಕೆಲಸ ಬೇಕಾಗಿ ಬಂತು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡ ಮೇಲೂ ಹೋಗಿ ಮೊಗ್ಗು ಬಿಡಿಸಿಯೇ ಬಂದಳು. ಸಿಕ್ಕಿದ್ದು ಎಷ್ಟು ಬೀಜ ಗೊತ್ತೇ? ಅಂಗೈಯ ಗುಳಿಯೂ ತುಂಬದಷ್ಟು.

ಆಮೇಲಿನ ಕಾಯುವಿಕೆ ನನ್ನ ಪ್ರಾಣ ಹಿಂಡಿತು. ದಿನವಿಡೀ ಮನೆಯಲ್ಲಿ ಅವಳು. ಕುದಿಯುವ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾಳೆ, ಬೇಯಲು ಬಿಡುವುದಿಲ್ಲ. ನನ್ನ ಗಿರಾಕಿಗಳ ಬಟ್ಟೆ ಎತ್ತಿ, ಇದು ಇವತ್ತೇ ಮುಗಿಯುತ್ತಾ ಎಂದು ಕೇಳುತ್ತಾಳೆ. ಬೀಜದ ಡಬ್ಬಿಯನ್ನು ದಿನಕ್ಕೊಮ್ಮೆ ಅಲ್ಲಾಡಿಸಿ ಕಿವಿಗೆ ಹಿಡಿಯುತ್ತಾಳೆ. ಅದು ಸೋತರೆ ಇವಳು ಏನಾಗುತ್ತಾಳೋ ಎಂಬ ಭಯ ನನಗೆ. ಬೈಗುಳ ಬಾಯಿಯ ತನಕ ಬಂದು ವಾಪಸ್ ಹೋಗುತ್ತಿತ್ತು.

ಬೇಸಿಗೆಗೆ ಸರಿಯಾಗಿ ಸಸಿ ಮಾಡಿ ಗೋಡೆಯ ಮೂಲೆಯಲ್ಲಿ ನೆಟ್ಟಳು. ಪೈಪು ಹಾಯದ ಜಾಗ. ಹಿಂದಿನ ಗೋಡೆಯ ಕಾವು ಬೇರೆ. ಪಕ್ಕದಲ್ಲೇ ಬೇರೆ ತಳಿಯ ಮಾಮೂಲಿ ಸಸಿಗಳನ್ನೂ ನೆಟ್ಟು, ಎಲ್ಲಕ್ಕೂ ಒಂದೇ ತಂಬಿಗೆಯಲ್ಲಿ ಅಳೆದು ನೀರು ಕೊಟ್ಟಳು. ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಗಡ್ಡೆ ಕಟ್ಟುವ ಹೊತ್ತಿಗೆ ಒಂದೊಂದಾಗಿ ಕೈಕೊಟ್ಟವು. ಒಂದು ಅಕ್ಕಿಯಾಯಿತು, ಒಂದಕ್ಕೆ ಎಲೆ ಇಣುಕಿತು, ಒಂದು ಗುಂಡಿಯಷ್ಟಾಗಿ ನಿಂತುಹೋಯಿತು. ಪ್ರತಿ ಸಂಜೆ ಬಂದು ಇವತ್ತು ಇನ್ನೊಂದು ಹೋಯಿತು ಎನ್ನುತ್ತಿದ್ದಳು. ನಾನು ಮಿಷನ್ ತುಳಿಯುವುದನ್ನು ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸಿದರೆ ಅಳು ಬರುತ್ತಿತ್ತು.

ಒಂದು ದಿನ ಅವಳು ಬಂದು ಇನ್ನೊಂದು ಹೋಯಿತು ಎನ್ನಲಿಲ್ಲ. ಬಾ ಎಂದಳು, ಹೋದೆ. ಮುಖ್ಯಸ್ಥರೂ ಅಲ್ಲಿ ಬಂದು ನಿಂತಿದ್ದರು. ಮಾಮೂಲಿ ಸಸಿಗಳೆಲ್ಲ ಬಿಸಿಲಿಗೆ ಸೋತು ಚೆಲ್ಲಾಪಿಲ್ಲಿ. ಆ ಗಿಡದ ಮಕ್ಕಳಲ್ಲೂ ಹೆಚ್ಚಿನವು ಹಾಗೆಯೇ. ಆದರೆ ಅವುಗಳ ನಡುವೆ ಅಲ್ಲೊಂದು ಇಲ್ಲೊಂದು, ಬೆರಳಲ್ಲಿ ಎಣಿಸುವಷ್ಟು, ಬಿಗಿಯಾಗಿ ಬೆಳ್ಳಗೆ ಕೂತಿದ್ದವು. ಮುಖ್ಯಸ್ಥರು ಬಾಯಿ ತೆರೆಯುವ ಮೊದಲೇ ಅತ್ತಿಗೆ ಮಂಡಿಯೂರಿ ಮೊದಲ ಗಿಡದ ಬುಡ ಬಗೆದಳು. ಧೂಳು. ಎರಡನೆಯದು. ಧೂಳು. ಒಂದನ್ನೂ ಬಿಡದೆ ಎಲ್ಲವನ್ನೂ ಬಗೆದಳು. ಆಮೇಲೆ ನನ್ನತ್ತ ತಿರುಗಿ, ನಿನ್ನ ಮಂಡಿಯನ್ನೂ ಊರಿ ನೋಡು ಎಂದಳು. ಊರಿದೆ. ಎದ್ದು ಕೊಡವಿದರೆ ಬರೀ ಮಣ್ಣಿನ ಪುಡಿ ಹಾರಿತು.

ಅರ್ಧ ಪೈಪಿನದು, ಅರ್ಧ ಹುಟ್ಟಿನದು ಎಂದು ಅವಳು ಮುಖ್ಯಸ್ಥರಿಗೆ ಹೇಳಿದಳು. ಹುಟ್ಟಿನದನ್ನು ಇನ್ನು ನೀವು ಮುಂದಕ್ಕೆ ತೆಗೆದುಕೊಂಡು ಹೋಗಿ, ನನಗೆ ಅಷ್ಟು ವರ್ಷ ಇನ್ನು ಎಲ್ಲಿದೆ ಎಂದಳು. ಯಾರ ಹೆಸರಿನಲ್ಲಿ ಎಂದು ಅವರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ನಾನು ಕೇಳಬೇಕೆಂದು ಬಾಯಿ ತೆರೆದವಳು ಅವಳ ಮುಖ ನೋಡಿ ಮುಚ್ಚಿಕೊಂಡೆ. ಆಮೇಲೆ ಅವಳು ಚಾಕು ತೆಗೆದಳು. ಇಷ್ಟು ಗಿಡ ಬೀಜಕ್ಕೆ ಉಳಿದರೆ ಸಾಕು, ಒಂದರ ತೂಕ ನೋಡಿಬಿಡೋಣ ಎಂದು ಎಲ್ಲಕ್ಕಿಂತ ಚೆನ್ನಾಗಿದ್ದುದನ್ನು ಬಿಟ್ಟು, ಅದರಷ್ಟೇ ಬಿಗಿಯಾದ ಇನ್ನೊಂದನ್ನು ಕೊಯ್ದಳು. ತಕ್ಕಡಿಗಿಟ್ಟು ನೋಡಿದಳು, ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದಳು.

ನಾನು ಬೇಯಿಸಿ, ಬರೀ ಉಪ್ಪು ಹಾಕಿ ಮೇಜಿನ ಮೇಲಿಟ್ಟೆ. ಅಣ್ಣ ಡ್ಯೂಟಿ ಮುಗಿಸಿ ಬಂದ, ಕೈ ತೊಳೆದ, ಕೂತ. ಅವನಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ. ತುಂಡೊಂದನ್ನು ಎತ್ತಿ ಹಿಡಿದು, ಅದೇ ಜಡ್ಜ್ ಮುಖ ಮಾಡಿ ಕೇಳಿದ.

"ಇದರದ್ದೇನು ತಪ್ಪು?"

ಅತ್ತಿಗೆ ತಟ್ಟೆ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದಳು. ಆಕಾಶ ನೋಡಲಿಲ್ಲ. ಬಂದು ಅವನ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

"ಏನೂ ಇಲ್ಲ," ಎಂದಳು. "ತಿನ್ನಿ."